ಊರು ಮುಟ್ಟಿದ ಮೇಲೆ

ಈ ವಾರ ಒಂದು ರಾತ್ರಿ ಎರಡೂವರೆಗೆ ನಮ್ಮ ಎದುರು ಮನೆಯಲ್ಲಿ ಕುಕ್ಕರ್ ಕೂಗಿತು. ಯಾರೂ ಗಾಬರಿಯಾಗಲಿಲ್ಲ. ಮೇಷ್ಟ್ರೂ ಅವರ ಮನೆಯವರೂ ಕ್ಯಾಲಿಫೋರ್ನಿಯಾದ ಮಗಳ ಮನೆಯಿಂದ ಬಂದಿದ್ದಾರೆ ಅಂತ ಬೀದಿಗೆಲ್ಲ ಗೊತ್ತು. ಬೆಳಗ್ಗೆ ಹನ್ನೊಂದಾದರೂ ಅವರ ಹಾಲಿನ ಪ್ಯಾಕೆಟ್ಟು ಗೇಟಿನ ಚೀಲದಲ್ಲೇ ಇತ್ತು. ಮೈಸೂರಿನ ಕುವೆಂಪುನಗರವಾಗಲಿ ಸರಸ್ವತಿಪುರವಾಗಲಿ, ಮಕ್ಕಳು ಹೊರದೇಶದಲ್ಲಿರುವ ಒಂದಾದರೂ ಮನೆ ಈಗ ಬೀದಿಬೀದಿಯಲ್ಲಿ ಸಿಗುತ್ತದೆ. ನಿಮ್ಮ ಬೀದಿಯಲ್ಲೂ ಇಂಥ ಕುಕ್ಕರ್ ಕೂಗಿರಬಹುದು.

ಲೆಕ್ಕ ಹಾಕಿ ನೋಡಿದರೆ ಅದು ಅವೇಳೆಯೇನಲ್ಲ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ನಮ್ಮ ರಾತ್ರಿ ಎರಡೂವರೆ ಅಂದರೆ ಅಲ್ಲಿ ಹಿಂದಿನ ದಿನದ ಮಧ್ಯಾಹ್ನ ಎರಡು. ಹೊಟ್ಟೆ ಅನ್ನ ಕೇಳದೆ ಇನ್ನೇನು ಕೇಳೀತು?

ವಿಮಾನದಲ್ಲಿ, ನಡುವೆ ಇಳಿದು ಹತ್ತುವಲ್ಲಿ, ಒಂದು ದಿನವೇ ಕಳೆದುಹೋಗಿರುತ್ತದೆ. ದೇವನಹಳ್ಳಿಯಲ್ಲಿ ಇಳಿದ ಕೂಡಲೇ ಮಗಳಿಗೆ ಫೋನು: "ಬಂದ್ವಮ್ಮ, ಊರಿಗೆ ಬಂದ್ವಿ." ಆದರೆ ಮೈಸೂರು ಅಲ್ಲಿಂದ ಇನ್ನೂ 180 ಕಿಲೋಮೀಟರಿನಷ್ಟು ದೂರ. ಫ್ಲೈಬಸ್ಸಿನಲ್ಲಿ ಮತ್ತೆ ನಾಲ್ಕು ಗಂಟೆಯ ದಾರಿ. ಅಷ್ಟು ಸಮುದ್ರ ದಾಟಿದವರಿಗೆ ಮದ್ದೂರು, ಮಂಡ್ಯ ದಾಟುವುದೇ ಹೆಚ್ಚು ಉದ್ದ ಅನ್ನಿಸುತ್ತದಂತೆ. ದೂರದಿಂದ ಚಾಮುಂಡಿ ಬೆಟ್ಟದ ದೀಪ ಕಂಡಾಗ ಕೈಮುಗಿಯುವುದಕ್ಕೂ ತ್ರಾಣವಿರಲಿಲ್ಲ ಅಂದರು ಮೇಷ್ಟ್ರ ಮನೆಯವರು.

ಹಿಂದಿನವರಿಗೆ ದಣಿವಿತ್ತು, ಈ ಬಗೆಯ ದಣಿವಿರಲಿಲ್ಲ. 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋದಾಗ ಇದ್ದದ್ದು ಹಡಗು. ಹಡಗು ಸಾಗಿದಂತೆ ಹೊತ್ತು ಹುಟ್ಟುವುದೂ ಮುಳುಗುವುದೂ ದಿನಕ್ಕಿಷ್ಟಿಷ್ಟೇ ಸರಿಯುತ್ತಿತ್ತು. ಗಡಿಯಾರದ ಮುಳ್ಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿಕೊಂಡರೆ ಸಾಕು, ಮೈಯೂ ಜೊತೆಜೊತೆಗೇ ತಿರುಗುತ್ತಿತ್ತು. ವಿಮಾನ ಆ ಪುರುಸೊತ್ತನ್ನು ಕೊಡುವುದಿಲ್ಲ.

ನಮ್ಮ ತಲೆಯೊಳಗೆ, ಎರಡು ಕಣ್ಣಿನ ನರಗಳು ಸೇರಿ ಹಾಯುವ ಜಾಗದ ಮೇಲುಗಡೆ, ಒಂದು ಪುಟ್ಟ ಗಡಿಯಾರವಿದೆ. ಹೊರಗಿನ ಬೆಳಕೇ ಅದಕ್ಕೆ ಕೀಲಿ. ಇಂಥ ಒಳಗಡಿಯಾರ ಜೀವಕಣದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ಮೇಲೆ ಕೂರುವ ನೊಣದಲ್ಲಿ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ ಸರಿಯಬಲ್ಲದು, ಅಷ್ಟೆ. ಹೊಟ್ಟೆಗೆ, ಪಿತ್ತಜನಕಾಂಗಕ್ಕೆಂದು ಬೇರೆ ಬೇರೆ ಗಡಿಯಾರಗಳೂ ಇವೆ, ಅವೂ ಒಂದೇ ವೇಗದಲ್ಲಿ ಸರಿಯುವುದಿಲ್ಲ. ಅಮೆರಿಕದಿಂದ ಬಂದವರದು ಅರ್ಧ ಭೂಮಿಯ ಸುತ್ತು. ಮುಂದಕ್ಕೆ ಸರಿಯಬೇಕೋ ಹಿಂದಕ್ಕೋ ಎಂಬುದೇ ಮೈಗೆ ಗೊತ್ತಾಗುವುದಿಲ್ಲ. ವಾರ, ಹತ್ತು ದಿನ ಹಿಡಿದರೆ ಆಶ್ಚರ್ಯವೇನು?

ಮೇಷ್ಟ್ರು ಅದನ್ನು ತಮ್ಮದೇ ರೀತಿಯಲ್ಲಿ ಹೇಳಿದರು. "ಸೂಟ್‌ಕೇಸು ಬಂತು ಕಣಯ್ಯಾ, ನಾನಿನ್ನೂ ಬರಬೇಕು."

ನಾವು ಮಾತ್ರ ಆ ಮನುಷ್ಯನಿಗೆ ಬರುವುದಕ್ಕೇ ಬಿಡುವುದಿಲ್ಲ. ಮೊದಲ ದಿನವೇ ಗೇಟು ತಟ್ಟುತ್ತೇವೆ. ಹೇಗಿತ್ತು ಅಮೆರಿಕ? ಮೊಮ್ಮಗ ಕನ್ನಡ ಮಾತಾಡ್ತಾನಾ? ಅಲ್ಲಿ ಚಳಿಯೋ? ಅವರು ಅರೆಗಣ್ಣಿನಲ್ಲಿ ಉತ್ತರ ಕೊಟ್ಟು, ಸೂಟ್‌ಕೇಸು ತಡಕಾಡಿ, ಬಾದಾಮಿ ಚಾಕೊಲೇಟು ಹುಡುಕಿ ಕೈಗಿಡಬೇಕು. ಪ್ರೀತಿಯೇ ಅದು, ಇಲ್ಲವೆನ್ನಲಾರೆ. ಆದರೆ ಬೀಳ್ಕೊಡುವುದಕ್ಕೆ ಇರುವ ನಾಜೂಕು ಬರಮಾಡಿಕೊಳ್ಳುವುದಕ್ಕೂ ಬೇಕಲ್ಲ. ಮೂರು ತಿಂಗಳು ಬೀಗ ಹಾಕಿದ್ದ ಮನೆ: ನೆಲದ ಮೇಲೆ ಧೂಳು, ಫ್ರಿಜ್ಜು ಖಾಲಿ, ಟ್ಯಾಂಕಿನಲ್ಲಿ ಹಳೇ ನೀರು. ಆ ಹೊತ್ತಿಗೆ ಬೇಕಾದದ್ದು ಪ್ರಶ್ನೆಗಳಲ್ಲ.

ಹಾಗಾಗಿ ಒಂದು ಸಣ್ಣ ಕೋರಿಕೆ. ನಿಮ್ಮ ಬೀದಿಗೆ ಯಾರಾದರೂ ದೂರದಿಂದ ಬರುವವರಿದ್ದರೆ, ಕೀಲಿಕೈ ನಿಮ್ಮಲ್ಲಿದ್ದರೆ, ಹಿಂದಿನ ಸಂಜೆ ಒಂದು ಲೀಟರು ಹಾಲು, ಒಂದಿಷ್ಟು ಮೊಸರು, ನಾಲ್ಕು ಟೊಮೆಟೊ ಒಳಗಿಟ್ಟು ಬನ್ನಿ. ಮಾರನೆಯ ದಿನ ಒಂದು ಡಬ್ಬಿ ಸಾರು ಕಳಿಸಿ. ಅಮೆರಿಕದ ಕಥೆ ಕೇಳುವುದಕ್ಕೆ ಮುಂದಿನ ವಾರ ಹೋಗಿ.