ಕೇಳಿಸಿದರೆ ತಾನೇ ತಿಳಿವುದು
(ರೋಹಿಣಿಯಲ್ಲಿ ಹೋಟೆಲು ಕಾರ್ಮಿಕರ ಕೂಟದಲ್ಲಿ ಆಡಿದ ಮಾತು)



ನಾವು ಓದಿದ್ದು ಮಾಧ್ಯಮಿಕ ಶಾಲೆಯವರೆಗೆ. ಉಳಿದದ್ದನ್ನು ಹೋಟೆಲಿನಲ್ಲಿ ಲೋಟ ತೊಳೆಯುತ್ತ ಕಲಿತೆವು. ಯಂತ್ರದ ವಿಷಯ ಮಾತಾಡಲು ನಮಗೇನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವಿಲ್ಲ, ಲೆಕ್ಕ ಒಪ್ಪಿಸುವ ಹೊಣೆಯಿದೆ. ತಾವು ಭಕ್ಷೀಸಿನಲ್ಲಿ ಉಳಿಸಿ ಕೊಟ್ಟ ಹಣದಿಂದ ಕಂಪ್ಯೂಟರಿಗೆ ಸ್ಪೀಕರು ತಂದವರು ನಾವು; ಮೊದಲ ಸಲ ಮೋಸಹೋದವರೂ ನಾವೇ.

ವಾರಕ್ಕೊಂದು ರಾತ್ರಿ ಕೆಲಸ ಮುಗಿಸಿ ಈ ಕೋಣೆಯಲ್ಲಿ ಕೂಡುತ್ತೇವೆ. ಬೆಂಗಳೂರಿನಿಂದ ವಕೀಲರೊಬ್ಬರು ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ತಿಳಿವಳಿಕೆ ಹೇಳುತ್ತಾರೆ. ಒಮ್ಮೆ ಅವರು, ಖಾಲಿ ಹಾಳೆಗೆ ಸಹಿ ಹಾಕದಿರಿ ಎಂದರು. ಹಿಂದೆ ಕುಳಿತ ಕ್ಲೀನರ್ ಹುಡುಗನಿಗೆ ಕೇಳಿಸಿದ್ದು, ಸಹಿ ಹಾಕಿರಿ ಎಂದು. ಮರುದಿನ ಅವನು ಪೆನ್ನು ಎತ್ತಿದಾಗ ಪಕ್ಕದ ಸಪ್ಲೈಯರ್ ಕೈ ಹಿಡಿದದ್ದರಿಂದ ಉಳಿದ. ಒಂದು ಅಕ್ಷರದ ಬೆಲೆ ಅಷ್ಟು!

ಆ ಸ್ಪೀಕರಿನ ಡಬ್ಬಿಯ ಮೇಲೆ ‘2000 ವಾಟ್ ಪಿ.ಎಂ.ಪಿ.ಓ.’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಗೋಡೆಯ ಪ್ಲಗ್ಗಿಲ್ಲ, ಬ್ಯಾಟರಿಯಿಲ್ಲ, ಯು.ಎಸ್.ಬಿ. ತಂತಿಯೊಂದೇ. ನಮ್ಮ ಹಳೆಯ ಕಂಪ್ಯೂಟರಿನ ಆ ಕಿಂಡಿ ಕೊಡಬೇಕಾದದ್ದು 5 ವೋಲ್ಟು, ಅರ್ಧ ಆಂಪಿಯರು. ಗುಣಿಸಿದರೆ ಎರಡೂವರೆ ವಾಟು. ಎರಡೂವರೆ ಲೋಟ ಹಾಲಿನಲ್ಲಿ ಎರಡು ಸಾವಿರ ಕಾಫಿ ಮಾಡುವ ಭಟ್ಟರನ್ನು ತಾವು ಕಂಡಿದ್ದೀರಾ? ಪಿ.ಎಂ.ಪಿ.ಓ. ಎಂಬುದು ಮಾರುವವನ ಅಂಕಿ. ನೋಡಬೇಕಾದದ್ದು ಆರ್.ಎಂ.ಎಸ್.; ಸತತವಾಗಿ ದುಡಿಯುವ ಶಕ್ತಿಯ ಅಳತೆ ಅದು.

ಎರಡನೆಯ ಸಲ ಕಾಶ್ಮೀರಿ ಗೇಟಿನಲ್ಲಿ ಮೆಟ್ರೋ ಬದಲಾಯಿಸಿ ನೆಹರೂ ಪ್ಲೇಸಿಗೆ ಹೋದೆವು. ಆಂಪ್ಲಿಫೈಯರನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಗೋಡೆಯ ಪ್ಲಗ್ಗಿನಿಂದ ಕರೆಂಟು ಪಡೆಯುವ ಚಿಕ್ಕ ಜೋಡಿಯನ್ನು ಕೇಳಿದೆವು. ಇಂಥ ಕೋಣೆಗೆ ಒಂದೊಂದಕ್ಕೆ ಏಳೆಂಟು ನಿಜವಾದ ವಾಟು ಧಾರಾಳ. ವಾಟು ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗದು, ಸ್ವಲ್ಪವೇ ಏರುತ್ತದೆ.

ಅಂಗಡಿಯವರು ಸಿನಿಮಾ ಹಾಡು ಹಾಕಿ ಗುಡುಗಿಸಿದರು. ನಾವು ವಕೀಲರ ಮಾತನ್ನೇ ಹಾಕಿಸಿ ಹತ್ತು ಹೆಜ್ಜೆ ಹಿಂದೆ ನಿಂತೆವು. ‘ಇಪ್ಪತ್ತು’, ‘ಎಪ್ಪತ್ತು’ ಬೇರೆ ಬೇರೆಯಾಗಿ ಕೇಳಬೇಕು. ಸಕಾರ ಶಕಾರ ಬೆರೆಯಬಾರದು. ಗುಡುಗು ಹೆಚ್ಚಿದ ಪೆಟ್ಟಿಗೆಯಲ್ಲಿ ಮಾತು ಮುಳುಗುತ್ತದೆ. ಬಳಿಕ ಮಾತು ನಿಲ್ಲಿಸಿ ಗುಂಡಿಯನ್ನು ಪೂರ್ತಿ ತಿರುಗಿಸಿದೆವು. ಜೇನುನೊಣದಂತೆ ಗುಂಯ್‌ಗುಟ್ಟಿದ್ದನ್ನು ಬಿಟ್ಟು, ಸುಮ್ಮನಿದ್ದದ್ದನ್ನು ಆರಿಸಿದೆವು. ರಸೀದಿ, ಗ್ಯಾರಂಟಿ ಚೀಟಿ ಕೇಳಿ ಪಡೆದೆವು.

ತಂದಮೇಲೂ ಕೆಲಸವಿದೆ. ನೆಲದ ಮೇಲಾಗಲಿ ಮೂಲೆಯಲ್ಲಾಗಲಿ ಇಡಕೂಡದು. ಮೂಲೆ ಗುಡುಗನ್ನು ಹೆಚ್ಚಿಸುತ್ತದೆ. ಕುಳಿತವರ ಕಿವಿಯ ಎತ್ತರಕ್ಕೆ, ಅವರತ್ತ ಮುಖಮಾಡಿ ಇಡಬೇಕು.

ಸೋದರರೇ, ರಸೀದಿಯನ್ನು ಗೋಡೆಗೆ ಅಂಟಿಸಿದ್ದೇವೆ. ಮೊದಲ ಸ್ಪೀಕರಿನಲ್ಲಿ ವ್ಯರ್ಥವಾದ ಹಣವನ್ನು ಸಮಿತಿಯವರು ಕೈಯಿಂದ ತುಂಬಿದ್ದೇವೆ. ಡಬ್ಬಿಯ ಮೇಲಿನ ಅಂಕಿಯಾಗಲಿ, ಸಂಬಳದ ಚೀಟಿಯ ಅಂಕಿಯಾಗಲಿ, ಗುಣಿಸಿ ನೋಡದೆ ನಂಬಬೇಡಿ. ಈಗ ಹಿಂದಿನ ಸಾಲಿನವರು ಹೇಳಿ: ನಮ್ಮ ಮಾತು ತಮಗೆ ಕೇಳಿಸಿತೆ? ಕೇಳಿಸದಿದ್ದರೆ ಎದ್ದು ನಿಂತು ಕೇಳಿ. ನಾಚಿಕೆ ಬೇಡ.