ನೀರಡಿಕೆಯ ಪಾಠ: ಸಿಹಿ ಸೋಡಾದ ಅಭ್ಯಾಸವನ್ನು ತಗ್ಗಿಸುವ ಬಗೆ

(ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ ವರ್ಗದಲ್ಲಿ ನೀಡಿದ ಉಪನ್ಯಾಸ)



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಕಲಿಸುವವರಿಗೆ ‘ನೀರಡಿಕೆ’ ಎಂಬ ಶಬ್ದದ ಅರ್ಥವನ್ನು ವಿವರಿಸಬೇಕಾಗಿಲ್ಲ. ಏಪ್ರಿಲ್ ತಿಂಗಳ ಬಿಸಿಲು ಇಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಳೆ ಕೈಕೊಟ್ಟ ವರ್ಷ ಜತ್ತ ತಾಲೂಕಿನ ಹಳ್ಳಿಗಳು ಟ್ಯಾಂಕರಿನ ದಾರಿ ಕಾಯುತ್ತವೆ. ಶಾಲೆಯ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟಾಕಿಯ ನೀರು ಮಧ್ಯಾಹ್ನದ ಹೊತ್ತಿಗೆ ಕೈಗೆ ಬಿಸಿಯಾಗಿ ತಾಗುತ್ತದೆ. ಅದೇ ಹೊತ್ತಿಗೆ ಶಾಲೆಯ ಎದುರಿನ ಕಿರಾಣಿ ಅಂಗಡಿಯ ತಂಪು ಪೆಟ್ಟಿಗೆಯಲ್ಲಿ ಕಪ್ಪು, ಕೇಸರಿ, ಹಸಿರು ಬಣ್ಣದ ಬಾಟಲಿಗಳು ಬೆವರುತ್ತ ನಿಂತಿರುತ್ತವೆ. ಹತ್ತು ವರ್ಷದ ಬಾಲಕನು ಯಾವುದರ ಕಡೆಗೆ ನಡೆಯುತ್ತಾನೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಸಿಹಿ ಸೋಡಾ ಕುಡಿಯುವ ಅಭ್ಯಾಸದ ಬಗ್ಗೆ ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಬೈಗುಳ ಮಾತ್ರ. ‘ಅದು ವಿಷ, ಕುಡಿಯಬೇಡಿ’ ಎಂದು ಹೇಳಿದ ಶಿಕ್ಷಕರ ಕೈಯಲ್ಲಿಯೇ ಸಂಜೆ ಬಸ್ ನಿಲ್ದಾಣದಲ್ಲಿ ಅದೇ ಬಾಟಲಿಯನ್ನು ವಿದ್ಯಾರ್ಥಿ ಕಂಡರೆ, ಆ ಪಾಠ ಅಲ್ಲಿಗೆ ಮುಗಿಯಿತು. ಆದ್ದರಿಂದ ಈ ಉಪನ್ಯಾಸದ ವಿಷಯ ಮಕ್ಕಳಷ್ಟೇ ಅಲ್ಲ, ಶಿಕ್ಷಕರೂ ಹೌದು. ಅಭ್ಯಾಸವೊಂದು ಯಾವ ಅಗತ್ಯವನ್ನು ಪೂರೈಸುತ್ತಿದೆ ಎಂದು ತಿಳಿದು, ಆ ಅಗತ್ಯವನ್ನು ಬೇರೆ ರೀತಿಯಲ್ಲಿ ತುಂಬಿದಾಗ ಅಭ್ಯಾಸ ತಾನೇ ಸಡಿಲವಾಗುತ್ತದೆ. ಇಷ್ಟೇ ಇಲ್ಲಿ ಹೇಳಬೇಕಾದ ಮಾತು.

ಮೊದಲು ಸೋಡಾ ಎಂದರೇನು ಎಂಬುದನ್ನು ನೋಡಬೇಕು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಕರಗಿಸುವ ಬಗೆಯನ್ನು ಕಂಡುಕೊಂಡನು. ಮುಂದೆ 1872ರಲ್ಲಿ ಹೈರಮ್ ಕಾಡ್ ಎಂಬುವನು ಕೊರಳಲ್ಲಿ ಗಾಜಿನ ಗೋಲಿ ಇರುವ ಬಾಟಲಿಗೆ ಪೇಟೆಂಟ್ ಪಡೆದನು. ಜಾತ್ರೆಗಳಲ್ಲಿ ಇಂದಿಗೂ ‘ಟಪ್’ ಎಂದು ಒಡೆಯುವ ಗೋಲಿ ಸೋಡಾದ ಮೂಲ ಅದೇ. ಸಾದಾ ಸೋಡಾ ಎಂದರೆ ಅನಿಲ ಬೆರೆತ ನೀರು. ಅದಕ್ಕೆ ನಿಂಬೆರಸ, ಚಿಟಿಕೆ ಉಪ್ಪು ಸೇರಿಸಿ ಎಂದಾದರೊಮ್ಮೆ ಕುಡಿದರೆ ಆರೋಗ್ಯವಂತರಿಗೆ ಹೆದರಬೇಕಾದ ಕಾರಣವಿಲ್ಲ. ತೊಂದರೆ ಇರುವುದು ಆ ನೀರಿಗೆ ಬೆರೆಸುವ ಸಕ್ಕರೆಯಲ್ಲಿ, ಆಮ್ಲದಲ್ಲಿ, ಮತ್ತು ಕುಡಿಯುವ ಪ್ರಮಾಣದಲ್ಲಿ.

ಪ್ರಮಾಣದ ಮಾತಿಗೆ ಸ್ವಲ್ಪ ಇತಿಹಾಸ ನೆರವಾಗುತ್ತದೆ. 1977ರಲ್ಲಿ ಕೋಕಾ-ಕೋಲಾ ಕಂಪನಿ ಭಾರತವನ್ನು ಬಿಟ್ಟುಹೋದಾಗ, ಅದರ ಜಾಗಕ್ಕೆ ಸರ್ಕಾರವೇ ‘ಡಬಲ್ ಸೆವೆನ್’ ಎಂಬ ಪಾನೀಯವನ್ನು ತಂದಿತು. ಅದರ ಪಾಕವನ್ನು ಸಿದ್ಧಪಡಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. 1993ರಲ್ಲಿ ವಿದೇಶಿ ಕಂಪನಿ ಮರಳಿತು. ಗಾಜಿನ ಬಾಟಲಿಯ ಕಾಲದಲ್ಲಿ 200 ಮಿಲಿಲೀಟರಿನಷ್ಟನ್ನು ಅಂಗಡಿಯ ಮುಂದೆಯೇ ನಿಂತು ಕುಡಿದು ಬಾಟಲಿ ಮರಳಿಸಬೇಕಾಗಿತ್ತು. ಅದು ಮದುವೆ, ಜಾತ್ರೆ, ಪ್ರವಾಸದ ಪಾನೀಯವಾಗಿತ್ತು. ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಅದು 600 ಮಿಲಿಲೀಟರಾಗಿ, ಎರಡು ಲೀಟರಾಗಿ, ಮನೆಯ ಫ್ರಿಜ್ ಸೇರಿತು. ಹಬ್ಬದ ವಸ್ತು ವಾರದ ವಸ್ತುವಾಯಿತು. ವಾರದ ವಸ್ತು ದಿನದ ವಸ್ತುವಾಯಿತು.

ಇನ್ನು ಲೆಕ್ಕ. ಸಾಮಾನ್ಯ ಕೋಲಾದ 100 ಮಿಲಿಲೀಟರಿನಲ್ಲಿ ಸುಮಾರು ಹತ್ತೂವರೆ ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಸಣ್ಣ ಬಾಟಲಿಯಲ್ಲಿ ಸುಮಾರು 26 ಗ್ರಾಂ. ಒಂದು ಮಟ್ಟಸ ಚಹಾ ಚಮಚಕ್ಕೆ 4 ಗ್ರಾಂ ಎಂದರೆ ಆರೂವರೆ ಚಮಚ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗದರ್ಶನದಂತೆ, ಆಹಾರಕ್ಕೆ ಸೇರಿಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2000 ಕಿಲೋ ಕ್ಯಾಲೊರಿ ಬೇಕಾಗುವ ವಯಸ್ಕರಿಗೆ ಈ ಶೇ. 5 ಎಂದರೆ 25 ಗ್ರಾಂ. ಚಹಾ, ಬಿಸ್ಕತ್ತು, ಶಿರಾ ಯಾವುದನ್ನೂ ಮುಟ್ಟದಿದ್ದರೂ ಒಂದೇ ಸಣ್ಣ ಬಾಟಲಿ ಆ ಮಿತಿಯನ್ನು ದಾಟುತ್ತದೆ. ಮಗುವಿನ ಮಿತಿ ಇದಕ್ಕಿಂತಲೂ ಚಿಕ್ಕದು.

ಶಿಕ್ಷಕರೊಬ್ಬರು ಶಾಲೆ ನಡೆಯುವ 220 ದಿನ ದಿನಕ್ಕೊಂದು ಇಂಥ ಸಣ್ಣ ಬಾಟಲಿ ಕುಡಿದರೆಂದು ಇಟ್ಟುಕೊಳ್ಳೋಣ. ಅವರ ಹೊಟ್ಟೆ ಸೇರಿದ ಸಕ್ಕರೆ 5 ಕಿಲೋ 700 ಗ್ರಾಂ. ಬಾಟಲಿಗೆ 20 ರೂಪಾಯಿಯೆಂದು ಹಿಡಿದರೆ ಖರ್ಚು 4,400 ರೂಪಾಯಿ. ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಾದ ಸೊಲ್ಲಾಪುರದಲ್ಲಿ ಸಕ್ಕರೆಯ ಚೀಲದ ತೂಕ ಎಲ್ಲರಿಗೂ ಗೊತ್ತು. ಬಾಟಲಿಯೊಳಗೆ ಕರಗಿದ ಸಕ್ಕರೆ ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಕುಡಿದ ಸಕ್ಕರೆಗೂ ತಿಂದ ಅನ್ನಕ್ಕೂ ಒಂದು ವ್ಯತ್ಯಾಸವಿದೆ. ಎರಡು ಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆ ತುಂಬಿದ ಅರಿವಾಗುತ್ತದೆ. ದ್ರವರೂಪದ ಸಕ್ಕರೆ ಅಂಥ ಅರಿವನ್ನು ಕೊಡುವುದಿಲ್ಲ. ಆದ್ದರಿಂದ ಅದು ಊಟದ ಬದಲಿಗೆ ಬಾರದೆ ಊಟದ ಮೇಲೆ ಸೇರಿಕೊಳ್ಳುತ್ತದೆ. ದಿನವೂ ಒಂದೆರಡು ಬಾಟಲಿ ಸಿಹಿ ಪಾನೀಯ ಕುಡಿಯುವವರಲ್ಲಿ ಎರಡನೆಯ ಬಗೆಯ ಮಧುಮೇಹದ ಅಪಾಯ ಸುಮಾರು ಕಾಲುಭಾಗ ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2010ರಲ್ಲಿ ತೋರಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಅಧ್ಯಯನವು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ಈ ರೋಗಕ್ಕೆ ಸೋಡಾ ಒಂದೇ ಕಾರಣವಲ್ಲ. ಆದರೆ ಸುಲಭವಾಗಿ ಕೈಬಿಡಬಹುದಾದ ಕಾರಣಗಳಲ್ಲಿ ಅದು ಮೊದಲನೆಯದು.

ಹಲ್ಲಿನ ಕಥೆ ಇನ್ನೂ ಸರಳ. ಹಲ್ಲಿನ ಹೊರಕವಚ ಸುಮಾರು 5.5ಕ್ಕಿಂತ ಕಡಿಮೆ ಪಿಎಚ್ ಮಟ್ಟದಲ್ಲಿ ಕರಗತೊಡಗುತ್ತದೆ. ಕೋಲಾದ ಪಿಎಚ್ ಸುಮಾರು 2.5. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುವುದು ಒಮ್ಮೆಲೆ ಕುಡಿಯುವುದಕ್ಕಿಂತ ಹೆಚ್ಚು ಹಾನಿಕರ. ಕುಡಿದಾಗ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಮೆತ್ತಗಾದ ಕವಚವನ್ನು ಬ್ರಶ್ ಸವೆಸುವುದರಿಂದ ಹಲ್ಲುಜ್ಜಲು ಅರ್ಧ ಗಂಟೆಯಾದರೂ ಕಾಯಬೇಕು.

ಒಂದು ತಪ್ಪು ನಂಬಿಕೆಯನ್ನು ಇಲ್ಲಿಯೇ ತಿದ್ದುವುದು ಒಳಿತು. ಮಕ್ಕಳಿಗೆ ವಾಂತಿಭೇದಿಯಾದಾಗ ಸಿಹಿ ಸೋಡಾ ಕುಡಿಸುವ ರೂಢಿ ಅನೇಕ ಮನೆಗಳಲ್ಲಿದೆ. ಸರ್ಕಾರಿ ದವಾಖಾನೆಯಲ್ಲಿ ಸಿಗುವ ಓಆರ್‌ಎಸ್ ದ್ರಾವಣದ ಒಂದು ಲೀಟರಿನಲ್ಲಿ 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಜೊತೆಗೆ ಅಳತೆಯ ಲವಣಗಳಿರುತ್ತವೆ. ಒಂದು ಲೀಟರ್ ಕೋಲಾದಲ್ಲಿ ಸಕ್ಕರೆ ಅದರ ಸುಮಾರು ಎಂಟು ಪಟ್ಟು, ಲವಣ ಅತ್ಯಲ್ಪ. ಅಷ್ಟು ಸಿಹಿ ಭೇದಿಯನ್ನು ಇನ್ನಷ್ಟು ಹೆಚ್ಚಿಸಬಲ್ಲದು. ಈ ಒಂದು ಮಾತು ಪಾಲಕರ ಸಭೆಯಲ್ಲಿ ತಪ್ಪದೆ ಬರಬೇಕು.

ಈಗ ಅಭ್ಯಾಸದ ಬೇರಿಗೆ ಬರಬಹುದು. ಜನ ಸಿಹಿ ಸೋಡಾ ಕುಡಿಯುವುದು ಬಹುಮಟ್ಟಿಗೆ ಮೂರು ಕಾರಣಗಳಿಂದ: ತಂಪಿಗಾಗಿ, ಮರ್ಯಾದೆಗಾಗಿ, ಚುರುಕಿಗಾಗಿ.

ತಂಪು ಬೇಕಾದವರಿಗೆ ತಂಪಾದ ನೀರೇ ಉತ್ತರ. ವರಾಂಡದ ನೆರಳಿನಲ್ಲಿ ಉಸುಕಿನ ಮೇಲೆ ಒಂದು ಮಣ್ಣಿನ ಹರವಿ, ಅದಕ್ಕೊಂದು ಮುಚ್ಚಳ, ಉದ್ದ ಹಿಡಿಯ ಸೌಟು, ಇಷ್ಟಿದ್ದರೆ ಸಾಕು. ಹರವಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಒಯ್ಯುತ್ತದೆ ಎಂಬುದು ಪರಿಸರ ಅಧ್ಯಯನದ ಪಾಠವೂ ಆಗುತ್ತದೆ. ಕೇರಳದ ಶಾಲೆಗಳಲ್ಲಿ 2019ರಲ್ಲಿ ಬಳಕೆಗೆ ಬಂದ ‘ನೀರಿನ ಗಂಟೆ’ಯ ಪದ್ಧತಿಯನ್ನು ಇಲ್ಲಿಯೂ ಅನುಸರಿಸಬಹುದು: ನಿಗದಿತ ಹೊತ್ತಿಗೆ ಗಂಟೆ ಬಾರಿಸಿದೊಡನೆ ಎಲ್ಲರೂ, ಶಿಕ್ಷಕರೂ ಸೇರಿ, ನೀರು ಕುಡಿಯುವುದು. ಬೇಸಿಗೆಯಲ್ಲಿ ಊರಿನವರ ನೆರವಿನಿಂದ ವಾರಕ್ಕೊಂದು ದಿನ ಉಪ್ಪು, ಜೀರಿಗೆ ಬೆರೆತ ನೀರುಮಜ್ಜಿಗೆ ಹಂಚಿದರೆ ಅದೊಂದು ಅರವಟ್ಟಿಗೆಯೇ ಆದೀತು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಊರಿನ ಮಕ್ಕಳಿಗೆ, ಬಾಯಾರಿದವರಿಗೆ ನೀರು ಕೊಡುವುದು ಹೊಸ ಪಾಠವೇನೂ ಅಲ್ಲ.

ಮರ್ಯಾದೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಮನೆಗೆ ಬಂದ ಗುರುಗಳಿಗೆ ‘ಥಂಡಾ’ ತರಿಸದಿದ್ದರೆ ಪಾಲಕರಿಗೆ ಸಂಕೋಚ. ತರಿಸಿದ್ದನ್ನು ಕುಡಿಯದಿದ್ದರೆ ಗುರುಗಳಿಗೆ ಸಂಕೋಚ. ಈ ಸೀಮೆಯಲ್ಲಿ ಬಿಸಿಲಿನಿಂದ ಬಂದ ಅತಿಥಿಗೆ ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು ಕೊಡುವ ಪದ್ಧತಿ ಇತ್ತು. ಬೆಲ್ಲವೂ ಸಕ್ಕರೆಯೇ, ಆದರೆ ತುಣುಕು ಚಿಕ್ಕದು, ನೀರು ದೊಡ್ಡದು. ‘ಮಜ್ಜಿಗೆ ಇದ್ದರೆ ಕೊಡಿ, ಇಲ್ಲವಾದರೆ ನೀರೇ ಸಾಕು’ ಎಂದು ಶಿಕ್ಷಕರೇ ಬಾಯಿಬಿಟ್ಟು ಕೇಳಿದರೆ ಪಾಲಕರ ಮರ್ಯಾದೆಯೂ ಉಳಿಯುತ್ತದೆ, ಇಪ್ಪತ್ತು ರೂಪಾಯಿಯೂ ಉಳಿಯುತ್ತದೆ. ಸ್ನೇಹಸಮ್ಮೇಳನ, ಬೀಳ್ಕೊಡುಗೆ, ಹುಟ್ಟುಹಬ್ಬಗಳಲ್ಲಿಯೂ ಇದೇ ಕ್ರಮ ಸಲ್ಲುತ್ತದೆ.

ಚುರುಕಿಗಾಗಿ ಕುಡಿಯುವವರು ಹೆಚ್ಚಾಗಿ ಹಿರಿಯರು. ಕೋಲಾದಲ್ಲಿ ಕೆಫೀನ್ ಇದೆ. ದಿನಕ್ಕೆ ಹಲವು ಬಾಟಲಿ ಕುಡಿಯುವವರು ಒಮ್ಮೆಲೆ ನಿಲ್ಲಿಸಿದರೆ ಕೆಲವು ದಿನ ತಲೆನೋವು, ಬೇಸರ, ಸಿಡುಕು ಕಾಣಿಸಬಹುದು. ಅದನ್ನು ಸೋಲೆಂದು ತಿಳಿಯಬಾರದು. ಮೊದಲ ವಾರ ದೊಡ್ಡ ಬಾಟಲಿಯ ಬದಲು ಸಣ್ಣದು, ಎರಡನೆಯ ವಾರ ದಿನ ಬಿಟ್ಟು ದಿನ, ಮೂರನೆಯ ವಾರ ಎರಡು ಸಲ, ಆ ಮೇಲೆ ಹಬ್ಬಹುಣ್ಣಿಮೆಗೆ ಮಾತ್ರ. ಹೀಗೆ ಮೆಟ್ಟಿಲಿಳಿದರೆ ನಾಲಗೆಯೂ ಹೊಂದಿಕೊಳ್ಳುತ್ತದೆ. ಕೆಲವು ವಾರಗಳ ನಂತರ ಹಳೆಯ ಸಿಹಿಯೇ ಅತಿಯೆನಿಸುವುದು ಅನೇಕರ ಅನುಭವ.

ಬದಲಿಗೆ ಏನನ್ನು ಹಿಡಿಯಬಾರದು ಎಂಬುದನ್ನೂ ಹೇಳಬೇಕು. ಪೊಟ್ಟಣದ ಮಾವಿನ ಪಾನೀಯದಲ್ಲಿಯೂ ಸೋಡಾಕ್ಕೆ ಸಮೀಪದ ಸಕ್ಕರೆ ಇರುತ್ತದೆ. ಹಣ್ಣಿನ ಚಿತ್ರವನ್ನು ಕಂಡು ಮೋಸಹೋಗಬಾರದು. ‘ಡಯಟ್’ ಸೋಡಾದಲ್ಲಿ ಸಕ್ಕರೆ ಇಲ್ಲದಿದ್ದರೂ ಆಮ್ಲ ಇದ್ದೇ ಇರುತ್ತದೆ. ತೂಕ ಇಳಿಸಲು ಕೃತಕ ಸಿಹಿಗಳನ್ನು ಅವಲಂಬಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ.

ತರಗತಿಯಲ್ಲಿ ಮಾಡಬಹುದಾದ ಒಂದು ಚಟುವಟಿಕೆಯಿಂದ ಈ ಮಾತನ್ನು ಮುಗಿಸಬಹುದು. ಐದನೆಯ ತರಗತಿಯ ಮೇಲಿನ ಮಕ್ಕಳು ಖಾಲಿ ಬಾಟಲಿಗಳನ್ನು ತರಲಿ. ಅವುಗಳ ಮೇಲಿನ ಇಂಗ್ಲಿಷ್ ಬರಹದಲ್ಲಿ ‘ಶುಗರ್’ ಎಂಬ ಸಾಲನ್ನು ಹುಡುಕಿ, 100 ಮಿಲಿಲೀಟರಿಗೆ ಎಷ್ಟು ಗ್ರಾಂ ಎಂದು ಕನ್ನಡದಲ್ಲಿ ಬರೆದುಕೊಳ್ಳಲಿ. ಬಾಟಲಿಯ ಅಳತೆಯಿಂದ ಗುಣಿಸಿ ನೂರರಿಂದ ಭಾಗಿಸಲಿ, ಬಂದದ್ದನ್ನು ನಾಲ್ಕರಿಂದ ಭಾಗಿಸಲಿ. ಬಂದ ಉತ್ತರದಷ್ಟು ಚಮಚ ಸಕ್ಕರೆಯನ್ನು ಒಬ್ಬ ವಿದ್ಯಾರ್ಥಿ ಗಾಜಿನ ಲೋಟಕ್ಕೆ ಹಾಕಲಿ, ಉಳಿದವರು ಗಟ್ಟಿಯಾಗಿ ಎಣಿಸಲಿ. 600 ಮಿಲಿಲೀಟರಿನ ಬಾಟಲಿಗೆ ಎಣಿಕೆ ಹದಿನಾರರ ಹತ್ತಿರ ಬರುತ್ತದೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2025ರಲ್ಲಿ ತನ್ನ ಶಾಲೆಗಳಿಗೆ ‘ಸಕ್ಕರೆ ಫಲಕ’ ಹಾಕಲು ಸೂಚಿಸಿದೆ. ಕನ್ನಡ ಶಾಲೆಯ ಗೋಡೆಯ ಮೇಲೆ ಮಕ್ಕಳ ಕೈಬರಹದಲ್ಲಿಯೇ ಅಂಥ ಫಲಕ ಮೂಡಬಹುದು. ಇದರಲ್ಲಿ ಗಣಿತವಿದೆ, ವಿಜ್ಞಾನವಿದೆ, ಪರಭಾಷೆಯ ಬರಹವನ್ನು ತನ್ನ ಮಾತಿನಲ್ಲಿ ತಿಳಿದುಕೊಳ್ಳುವ ಅಭ್ಯಾಸವೂ ಇದೆ. ಮೂರು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ಮಗುವಿಗೆ ಈ ಕೊನೆಯದು ಬಹಳ ಅಗತ್ಯವಾದ ವಿದ್ಯೆ.

ಎರಡು ಎಚ್ಚರಿಕೆಗಳು. ದಪ್ಪಗಿರುವ ಮಗುವನ್ನು ಉದಾಹರಣೆಯಾಗಿ ಎತ್ತಿ ತೋರಿಸಬಾರದು. ಸೋಡಾ ಎಲ್ಲರ ಹಲ್ಲಿಗೂ ಒಂದೇ. ಎರಡನೆಯದಾಗಿ, ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಅತಿ ಸಕ್ಕರೆ, ಉಪ್ಪು, ಕೊಬ್ಬಿನ ಆಹಾರವನ್ನು ಮಕ್ಕಳಿಗೆ ಮಾರಬಾರದೆಂಬ 2020ರ ಆಹಾರ ಸುರಕ್ಷತಾ ನಿಯಮವಿದೆ. ಆದರೆ ಆ ಅಂಗಡಿಯವನು ಬಹುಶಃ ಮೂರನೆಯ ತರಗತಿಯ ಹುಡುಗಿಯೊಬ್ಬಳ ತಂದೆ. ದೂರು ಬರೆಯುವ ಮೊದಲು ಮುಖ್ಯೋಪಾಧ್ಯಾಯರು ಹೋಗಿ ಕುಳಿತು ಮಾತಾಡಲಿ. ತಂಪು ಪೆಟ್ಟಿಗೆಯಲ್ಲಿ ಮಜ್ಜಿಗೆಗೂ ಜಾಗವಿದೆ, ಬರಣಿಯಲ್ಲಿ ಹುರಿದ ಶೇಂಗಾಕ್ಕೂ ಜಾಗವಿದೆ.

ತರಬೇತಿಯಿಂದ ಮರಳಿದ ಶಿಕ್ಷಕರು ಮೊದಲ ದಿನ ಬೇರೇನನ್ನೂ ಮಾಡಬೇಕಾಗಿಲ್ಲ. ತಮ್ಮ ಮೇಜಿನ ಮೇಲೆ ಒಂದು ತಂಬಿಗೆ ನೀರಿಟ್ಟು, ಗಂಟೆಯಾದಾಗ ಮಕ್ಕಳ ಮುಂದೆ ಅದನ್ನು ಕುಡಿದರೆ ಸಾಕು.