ಬಾಂಜ್ ಕಾಡಿಗೆ ಕಾವಲು ಯಾರು?

(ಮಹಿಳಾ ವೇದಿಕೆಯ ಪರಿಸರ ದಿನದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದವಳು ಅಂದರೆ ಸಾಮಾನ್ಯವಾಗಿ ಆನ್‌ಲೈನ್ ಮೋಸದ ಬಗ್ಗೆ ಎಚ್ಚರಿಕೆ ಹೇಳಲಿಕ್ಕೆ ಕರೆಯುತ್ತಾರೆ. ಈ ಸಲ ಮರದ ಬಗ್ಗೆ ಮಾತಾಡು ಅಂದಿರಿ. ಅದಕ್ಕೆ ಮೊದಲು ಧನ್ಯವಾದ.

ನಾನು ಮಾತಾಡಬೇಕೆಂದಿರುವುದು ಓಕ್ ಮರದ ಬಗ್ಗೆ. ಓಕ್ ಅಂದ ಕೂಡಲೇ ಕೊಡಗು, ಚಿಕ್ಕಮಗಳೂರು ಕಡೆಯವರಿಗೆ ಕಾಫಿ ತೋಟದ ಸಿಲ್ವರ್ ಓಕ್ ನೆನಪಾಗಿರುತ್ತದೆ. ಅದು ಆಸ್ಟ್ರೇಲಿಯಾದಿಂದ ಬಂದ ಮರ. ಹೆಸರಿನಲ್ಲಿ ಮಾತ್ರ ಓಕ್, ಜಾತಿಯೇ ಬೇರೆ. ನಿಜವಾದ ಓಕ್ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆಯುವುದಿಲ್ಲ. ಅದನ್ನು ನೋಡಲು ದೆಹಲಿಯ ಬಿಸಿಲು ತಾಳಲಾರದೆ ನಾವು ಮೇ ತಿಂಗಳಲ್ಲಿ ಓಡಿಹೋಗುತ್ತೇವಲ್ಲ, ಆ ನೈನಿತಾಲ್, ರಾಣಿಖೇತ್, ಮಸ್ಸೂರಿಗಳ ಬೆಟ್ಟಕ್ಕೇ ಹೋಗಬೇಕು. ಅಲ್ಲಿಯ ಜನ ಅದನ್ನು ಬಾಂಜ್ ಎನ್ನುತ್ತಾರೆ. ಎಲೆಯ ಮೇಲ್ಭಾಗ ಕಡು ಹಸಿರು, ಅಂಚಿಗೆ ಗರಗಸದ ಹಲ್ಲು, ತಿರುಗಿಸಿ ನೋಡಿದರೆ ಬೂದಿ ಸವರಿದ ಹಾಗೆ ಬಿಳಿ. ಗಾಳಿ ಬೀಸಿದಾಗ ಇಡೀ ಬೆಟ್ಟ ಒಮ್ಮೆ ಬೆಳ್ಳಗಾಗಿ ಮತ್ತೆ ಹಸಿರಾಗುತ್ತದೆ. ಇನ್ನೂ ಮೇಲೆ ಹೋದರೆ ಮೋರು, ಅದಕ್ಕೂ ಮೇಲೆ ಹಿಮ ಬೀಳುವಲ್ಲಿ ಖರ್ಸು ಎಂಬ ಅದರ ಅಕ್ಕತಂಗಿಯರು ಸಿಗುತ್ತಾರೆ. ನನಗೆ ಹತ್ತಿರದ ಪರಿಚಯ ಬಾಂಜ್‌ನದ್ದೇ.

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವಳು. ನಮ್ಮಲ್ಲಿ ಪ್ರತಿ ತೋಟಕ್ಕೂ ಸೊಪ್ಪಿನ ಬೆಟ್ಟ ಅಂತ ಇರುತ್ತದೆ. ಅಲ್ಲಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ದನ ತುಳಿದು ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುತ್ತೇವೆ. ಅಲ್ಮೋಡಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೆಂಗಸರು ಬಾಂಜ್ ಸೊಪ್ಪಿನ ಹೊರೆ ಹೊತ್ತು ಇಳಿಯುವುದನ್ನು ಮೊದಲ ಬಾರಿ ನೋಡಿದಾಗ ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಹಸಿ ಸೊಪ್ಪು ಎಮ್ಮೆಗೆ, ಒಣಗಿದ್ದು ಕೊಟ್ಟಿಗೆಗೆ, ಗೊಬ್ಬರ ಗದ್ದೆಗೆ, ರೆಂಬೆ ಒಲೆಗೆ, ಗಟ್ಟಿ ತುಂಡು ನೇಗಿಲಿಗೆ. ಭಾಷೆ ಬೇರೆ, ಲೆಕ್ಕ ಅದೇ. ಹೊರುವವರು ಮಾತ್ರ ಅಲ್ಲಿ ಬಹುಪಾಲು ಹೆಂಗಸರೇ, ಏಕೆಂದರೆ ಗಂಡಸರು ದೆಹಲಿಯಲ್ಲಿ, ಡೆಹ್ರಾಡೂನಿನಲ್ಲಿ, ಸೈನ್ಯದಲ್ಲಿ ಇರುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಪಾಳಿ ಮಾಡುವ ಭೈಯ್ಯಾನ ಊರು ಕೇಳಿ ನೋಡಿ, ಹತ್ತರಲ್ಲಿ ಒಬ್ಬರಾದರೂ ಗಢವಾಲ್ ಅಥವಾ ಕುಮಾವುಂ ಅಂದಾರು.

ಈ ಕಾಡು ಹೇಗೆ ಹೋಯಿತು? ಬ್ರಿಟಿಷರು ಗಿರಿಧಾಮ, ದಂಡಿನ ಪಾಳೆಯ ಕಟ್ಟಿದಾಗ ಸೌದೆಗೂ ಇದ್ದಿಲಿಗೂ ಸುತ್ತಲಿನ ಬಾಂಜ್ ಕಡಿದರು. ಅವರ ಕಣ್ಣಿಗೆ ಬೆಲೆಬಾಳುತ್ತಿದ್ದದ್ದು ಚೀಡ್, ಅಂದರೆ ಪೈನ್ ಮರ. ರೈಲು ಹಳಿಯ ಸ್ಲೀಪರಿಗೆ ಅದು ಬೇಕು, ಟರ್ಪೆಂಟೈನಿಗೆ ಅದರ ರಾಳ ಬೇಕು. 1911ರಿಂದ 1917ರ ಒಳಗೆ ಕುಮಾವುಂನ ಕಾಡುಗಳನ್ನು ಮೀಸಲು ಅರಣ್ಯ ಮಾಡಿ ಸೊಪ್ಪು, ಮೇವು, ಬೆಂಕಿ ಎಲ್ಲದಕ್ಕೂ ಕಟ್ಟಳೆ ತಂದರು. 1921ರಲ್ಲಿ ಜನ ರೊಚ್ಚಿಗೆದ್ದು ಚೀಡ್ ಕಾಡಿಗೆ ಬೆಂಕಿಯಿಟ್ಟರು. ಕೊನೆಗೆ 1931ರಲ್ಲಿ ವನ ಪಂಚಾಯತ್ ನಿಯಮಗಳು ಬಂದು, ಹಳ್ಳಿಗಳು ತಮ್ಮ ಪಾಲಿನ ಕಾಡನ್ನು ತಾವೇ ನೋಡಿಕೊಳ್ಳುವ ವ್ಯವಸ್ಥೆ ಆಯಿತು. ಅದು ಇವತ್ತಿಗೂ ಇದೆ.

ಚೀಡ್ ಕೂಡ ಆ ಬೆಟ್ಟದ್ದೇ ಮರ. ಅದನ್ನು ವಿದೇಶಿ ಅಂತ ಬೈಯುವವರನ್ನು ಬಹಳ ನೋಡಿದ್ದೇನೆ, ನನಗೆ ಅದು ಸರಿಯೆನಿಸುವುದಿಲ್ಲ. ವ್ಯತ್ಯಾಸ ಇರುವುದು ಸ್ವಭಾವದಲ್ಲಿ. ಚೀಡ್ ಬೀಜಕ್ಕೆ ರೆಕ್ಕೆ ಇದೆ, ಹಾರಿಕೊಂಡು ಹೋಗಿ ಬೋಳು ಇಳಿಜಾರಿನಲ್ಲೂ ಹುಟ್ಟುತ್ತದೆ. ತೊಗಟೆ ದಪ್ಪ, ಬೆಂಕಿ ಬಿದ್ದರೂ ದೊಡ್ಡ ಮರ ಬದುಕುತ್ತದೆ. ಉದುರಿದ ಸೂಜಿ ಎಲೆ ಸುಲಭಕ್ಕೆ ಕೊಳೆಯದೆ ಹಾಸಿಕೊಂಡು ಬೇಸಿಗೆಯಲ್ಲಿ ಹೊತ್ತಿಕೊಳ್ಳುತ್ತದೆ. ಬಾಂಜ್ ಕಾಯಿ ಗುಂಡು, ಬಿದ್ದಲ್ಲೇ ಬೀಳುತ್ತದೆ ಅಥವಾ ಉರುಳುತ್ತದೆ. ಸಸಿಗೆ ನೆರಳು, ತೇವ, ಕೊಳೆತ ಎಲೆಯ ಹಾಸಿಗೆ ಬೇಕು. ಮರವನ್ನು ಮತ್ತೆ ಮತ್ತೆ ಸವರಿದರೆ, ಕೆಳಗೆ ದನ ಮೇದರೆ, ಮೂರು ವರ್ಷಕ್ಕೊಮ್ಮೆ ಬೆಂಕಿ ಬಿದ್ದರೆ ಬಾಂಜ್ ಹಿಂದೆ ಸರಿಯುತ್ತದೆ, ಚೀಡ್ ಮುಂದೆ ಬರುತ್ತದೆ. ಜೊತೆಗೆ ನೀರೂ ಹಿಂದೆ ಸರಿಯುತ್ತದೆ. ಬಾಂಜ್ ಬುಡದ ಎಲೆಗೊಬ್ಬರ ಕೈಯಲ್ಲಿ ಹಿಡಿದು ನೋಡಿ, ಸ್ಪಂಜಿನ ಹಾಗಿರುತ್ತದೆ. ಮಳೆ ಓಡಿಹೋಗದೆ ಅಲ್ಲೇ ಇಂಗಿ ಕೆಳಗಿನ ಒರತೆಗೆ ಸೇರುತ್ತದೆ. ಆ ಒರತೆಗೆ ಕಲ್ಲು ಕಟ್ಟಿ ಪುಟ್ಟ ಗುಡಿಯಂತೆ ಮಾಡಿದ್ದನ್ನು ಅಲ್ಲಿ ನೌಲಾ ಎನ್ನುತ್ತಾರೆ. ನಮ್ಮೂರಿನ ಅಬ್ಬಿ ನೀರಿನಷ್ಟೇ ತಣ್ಣಗೆ.

ಈಗ ಬೆಳೆಸುವ ವಿಷಯ. ಅಡುಗೆಮನೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಅಜ್ಜಿಯರು ಅವರೆ, ಸೌತೆ ಬೀಜವನ್ನು ಬೂದಿ ಹಚ್ಚಿ ಬಿಸಿಲಿಗೆ ಒಣಗಿಸಿ ಇಡುತ್ತಿದ್ದರು. ಹಲಸಿನ ಬೇಳೆಯನ್ನು ಮಾತ್ರ ಹಾಗೆ ಮಾಡುತ್ತಿರಲಿಲ್ಲ, ಕೆಮ್ಮಣ್ಣು ಸವರಿ ತಂಪಿನಲ್ಲಿಡುತ್ತಿದ್ದರು. ಬಾಂಜ್ ಕಾಯಿ ಹಲಸಿನ ಬೇಳೆಯ ಜಾತಿ. ಒಣಗಿತೋ, ಸತ್ತಿತು. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟು ಬೇಕಾದಾಗ ಬಿತ್ತುವ ಬೀಜ ಅಲ್ಲ.

ಹೂವು ಬಿಡುವುದು ವಸಂತದಲ್ಲಿ, ಆದರೆ ಕಾಯಿ ಬಲಿಯುವುದು ಅದೇ ವರ್ಷ ಅಲ್ಲ, ಮರುವರ್ಷದ ಚಳಿಗಾಲಕ್ಕೆ. ಎಲ್ಲ ವರ್ಷವೂ ಸಮನಾಗಿ ಬಿಡುವುದೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಟೋಪಿ ಕಳಚಿ ಬಿದ್ದ ಕಂದು ಕಾಯಿಗಳನ್ನು ಆರಿಸಬೇಕು. ಲಂಗೂರ್, ಹಾರುವ ಅಳಿಲು, ಕರಡಿ ಎಲ್ಲರಿಗೂ ಅದು ಬೇಕು, ಅವರಿಗಿಂತ ಮೊದಲು ಹೋಗಬೇಕು. ಎಲ್ಲವನ್ನೂ ಬಳಿದುಕೊಂಡು ಬರಬಾರದು. ಮನೆಗೆ ತಂದು ಬಕೆಟ್ ನೀರಿಗೆ ಹಾಕಿದರೆ, ಮೂತಿಹುಳು ಕೊರೆದು ಟೊಳ್ಳಾದದ್ದು ತೇಲುತ್ತದೆ, ಒಳ್ಳೆಯದು ಮುಳುಗುತ್ತದೆ. ಮುಳುಗಿದ್ದನ್ನು ಕೂಡಲೇ ಬಿತ್ತಬೇಕು, ಆಗದಿದ್ದರೆ ಒದ್ದೆ ಮರಳಿನಲ್ಲಿ ತಣ್ಣಗೆ ಕೆಲವು ವಾರ ಇಡಬಹುದು. ನೆಲದಲ್ಲೇ ಬಿತ್ತುವುದಾದರೆ ಕಾಯಿಯನ್ನು ಅಡ್ಡ ಮಲಗಿಸಿ, ಎರಡು ಬೆರಳು ಮಣ್ಣು, ಮೇಲೆ ತರಗೆಲೆ.

ಚೀಲದಲ್ಲಿ ಬೆಳೆಸುವವರು ಒಂದು ಗಮನಿಸಬೇಕು. ಈ ಗಿಡ ಮೊದಲು ಮೇಲೆ ಬರುವುದಿಲ್ಲ, ಕೆಳಗೆ ಹೋಗುತ್ತದೆ. ಎರಡೆಲೆ ಕಾಣುವಷ್ಟರಲ್ಲಿ ತಾಯಿಬೇರು ಗೇಣುದ್ದ ಇಳಿದಿರುತ್ತದೆ. ಗಿಡ್ಡ ಚೀಲದಲ್ಲಿ ಅದು ತಳ ಮುಟ್ಟಿ ಸುರುಳಿ ಸುತ್ತುತ್ತದೆ. ಅಂಥದ್ದನ್ನು ನೆಟ್ಟರೆ ನೋಡಲು ಚೆನ್ನಾಗಿರುತ್ತದೆ, ಬೇಸಿಗೆ ಬಂದಾಗ ಗೊತ್ತಾಗುತ್ತದೆ. ಉದ್ದ ಚೀಲ ಬೇಕು, ಮೊದಲ ವರ್ಷಗಳಲ್ಲಿ ನೆರಳು ಬೇಕು, ಬೆಳವಣಿಗೆ ನಿಧಾನ. ಮಗುವಿಗೆ ನಾಮಕರಣದ ದಿನ ಬಿತ್ತಿದರೆ ಅದು ಶಾಲೆಗೆ ಹೋಗುವ ಹೊತ್ತಿಗೆ ಮಗುವಿಗಿಂತ ಗಿಡವೇ ಕುಳ್ಳಗೆ ಇದ್ದೀತು. ನೊಯ್ಡಾ ಬಾಲ್ಕನಿಯಲ್ಲಿ ಪ್ರಯತ್ನಿಸಬೇಡಿ, ಇಲ್ಲಿಯ ಲೂ ಗಾಳಿ ಅದಕ್ಕೆ ಆಗದು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿ, ಹೆಸರು ಬೇಡ, ಜುಲೈ ತಿಂಗಳಲ್ಲಿ ಬಸ್ ಮಾಡಿ ನಮ್ಮನ್ನು ಬೆಟ್ಟಕ್ಕೆ ಕರೆದೊಯ್ಯಿತು. ಹಸಿರು ಟೀಶರ್ಟ್, ಬ್ಯಾನರ್, ಸಮೋಸ. ಗಿಡ ನೆಟ್ಟು ಫೋಟೊ ತೆಗೆಸಿಕೊಂಡೆವು. ಆಫೀಸಿನ ಡ್ಯಾಶ್‌ಬೋರ್ಡಿನಲ್ಲಿ ‘ನೆಟ್ಟ ಗಿಡಗಳು’ ಅಂತ ಒಂದು ಅಂಕಣ ಇತ್ತು, ‘ಬದುಕಿರುವ ಗಿಡಗಳು’ ಅಂತ ಇನ್ನೊಂದು ಅಂಕಣ ಇರಲಿಲ್ಲ. ಹಾಕಿಸಿ ಅಂತ ಬರೆದು ಕಳಿಸಿದೆ, ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ಬೇರೆ ಬೆಟ್ಟಕ್ಕೆ ಬಸ್ ಹೋಯಿತು. ಹಳೆಯ ಜಾಗಕ್ಕೆ ನಾವು ನಾಲ್ವರು ಗೆಳತಿಯರು ನಮ್ಮದೇ ಖರ್ಚಿನಲ್ಲಿ ಹೋಗಿ ನೋಡಿದರೆ ಗುಂಡಿಗಳು ಸಿಕ್ಕವು, ಗಿಡ ಹುಡುಕಬೇಕಾಯಿತು. ಅಲ್ಲಿಂದ ಶುರುವಾದದ್ದು ಪ್ರತಿ ಚಳಿಗಾಲದ ನಮ್ಮ ಪ್ರಯಾಣ.

ಈ ಓಡಾಟದಲ್ಲಿ ನನಗೆ ಖಚಿತವಾದದ್ದು ಇಷ್ಟು. ಬಾಂಜ್ ಕಾಡು ಮರಳಿ ಬರುವುದರಲ್ಲಿ ನೆಡುವುದು ಸಣ್ಣ ಭಾಗ, ಕಾಯುವುದೇ ದೊಡ್ಡದು. ಹಾಳಾದ ಇಳಿಜಾರಿನಲ್ಲಿ ಪೊದೆಯ ಹಾಗೆ ಕಾಣುವುದು ಎಷ್ಟೋ ಸಲ ಹಳೆಯ ಬಾಂಜ್ ಬೊಡ್ಡೆಯ ಚಿಗುರು. ದನ, ಆಡು, ಕುಡುಗೋಲು ಬಿಡುವು ಕೊಟ್ಟರೆ ಅದೇ ಮರವಾಗುತ್ತದೆ, ಬೇರು ಆಗಲೇ ಕೆಳಗಿದೆಯಲ್ಲ. ಟೆಹ್ರಿ ಜಿಲ್ಲೆಯ ಜಡಧಾರ್ ಗ್ರಾಮದವರು 1980ರ ದಶಕದಿಂದ ಮಾಡಿದ್ದು ಮುಖ್ಯವಾಗಿ ಇದನ್ನೇ. ಬೀಜ ಬಚಾವೋ ಆಂದೋಲನದ ವಿಜಯ್ ಜಡಧಾರಿಯವರ ಊರು ಅದು. ಸಮಿತಿ ಮಾಡಿಕೊಂಡು, ಎಲ್ಲಿ ಯಾವಾಗ ಎಷ್ಟು ಕತ್ತರಿಸಬಹುದೆಂದು ನಿಯಮ ಹಾಕಿಕೊಂಡು ಕಾದರು. ಬಾಂಜ್, ಬುರಾಂಶ್ ತಾವಾಗಿ ಎದ್ದವು.

ಪೌಡಿ ಗಢವಾಲಿನ ಉಫ್ರೇಂಖಾಲ್‌ನಲ್ಲಿ ಶಾಲಾ ಶಿಕ್ಷಕರಾಗಿದ್ದ ಸಚ್ಚಿದಾನಂದ ಭಾರತಿಯವರ ದೂಧಾತೋಲಿ ಪ್ರದೇಶದ ಕೆಲಸವನ್ನು ನೀವು ಕೇಳಿರಬಹುದು. ಇಳಿಜಾರಿನಲ್ಲಿ ಸಾವಿರಾರು ಸಣ್ಣ ಇಂಗುಗುಂಡಿ ತೋಡಿ, ಸುತ್ತ ಗಿಡ ಬೆಳೆಸಿ, ಬತ್ತಿದ ತೊರೆಯೊಂದು ಮತ್ತೆ ಹರಿಯುವಂತೆ ಮಾಡಿದರು. ನನಗೆ ಇಷ್ಟವಾದ ವಿಷಯ ಗುಂಡಿಯದ್ದಲ್ಲ, ಕೋಲಿನದ್ದು. ಆ ಹಳ್ಳಿಗಳಲ್ಲಿ ಕಾಡು ಕಾಯುವವರು ಮಹಿಳಾ ಮಂಗಳ ದಳದ ಹೆಂಗಸರು. ತುದಿಗೆ ಗೆಜ್ಜೆ ಕಟ್ಟಿದ ಕೋಲು ಒಂದಿರುತ್ತದೆ, ಖಾಂಕರ್ ಅಂತ ಹೆಸರು. ಈ ದಿನ ಕಾವಲು ಮುಗಿಸಿದವಳು ಸಂಜೆ ಅದನ್ನು ಇನ್ನೊಬ್ಬಳ ಬಾಗಿಲಿಗೆ ಒರಗಿಸಿ ಹೋಗುತ್ತಾಳೆ. ಬೆಳಿಗ್ಗೆ ಬಾಗಿಲು ತೆರೆದವಳಿಗೆ ಕೋಲು ಕಂಡರೆ ಇವತ್ತಿನ ಸರದಿ ಅವಳದ್ದು. ಸಂಬಳವಿಲ್ಲ, ರಿಜಿಸ್ಟರ್ ಇಲ್ಲ. ಸಾಫ್ಟ್‌ವೇರಿನಲ್ಲಿ ಡ್ಯೂಟಿ ಪಟ್ಟಿ ಮಾಡಲು ನಾವು ಎಷ್ಟು ಮೀಟಿಂಗ್ ಮಾಡುತ್ತೇವೆ ಅಂತ ಇಲ್ಲಿ ಹೇಳುವುದಿಲ್ಲ.

ಹೆಂಗಸರು ಮತ್ತು ಕಾಡು ಅಂದರೆ ಎಲ್ಲರೂ ಹೇಳುವುದು ರೈಣಿ ಹಳ್ಳಿ, ಗೌರಾದೇವಿ, 1974ರ ಮಾರ್ಚ್ 26. ನಮ್ಮ ಕಡೆ 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೋ ಚಳವಳಿಗೂ ಅದೇ ಸ್ಫೂರ್ತಿ. ಆದರೆ ನಾನು ಹೆಚ್ಚು ಯೋಚಿಸುವುದು 1980ರಲ್ಲಿ ಚಮೋಲಿ ಜಿಲ್ಲೆಯ ಡುಂಗ್ರಿ ಪೈಂತೋಲಿಯಲ್ಲಿ ನಡೆದದ್ದನ್ನು. ಅಲ್ಲಿ ಕಡಿಯಬೇಕೆಂದಿದ್ದದ್ದು ಬಾಂಜ್ ಕಾಡನ್ನೇ, ಆ ಜಾಗದಲ್ಲಿ ಸರಕಾರದ ಆಲೂಗಡ್ಡೆ ಬೀಜೋತ್ಪಾದನಾ ತೋಟ ಬರುವುದಿತ್ತು. ಬದಲಿಗೆ ರಸ್ತೆ, ಶಾಲೆ, ಆಸ್ಪತ್ರೆ ಕೊಡುತ್ತೇವೆಂದಾಗ ಊರ ಗಂಡಸರು ಒಪ್ಪಿದರು. ಹೆಂಗಸರು ಒಪ್ಪಲಿಲ್ಲ. ಸೊಪ್ಪು, ಸೌದೆಗೆ ದಿನಾ ಇನ್ನಷ್ಟು ಮೈಲಿ ನಡೆಯಬೇಕಾದವರು ಅವರು. ರೈಣಿಯಲ್ಲಿ ಎದುರಿಗೆ ಇದ್ದದ್ದು ಹೊರಗಿನ ಗುತ್ತಿಗೆದಾರನ ಕೂಲಿಗಳು, ಇಲ್ಲಿ ಎದುರಿಗೆ ಇದ್ದದ್ದು ತಮ್ಮದೇ ಮನೆಯ ಗಂಡ, ಮಾವ, ಭಾವ. ರಾತ್ರಿ ಅದೇ ಮನೆಗೆ ಹೋಗಿ ರೊಟ್ಟಿ ತಟ್ಟಬೇಕು. ಆದರೂ ನಿಂತರು, ಕಾಡು ಉಳಿಯಿತು. ಆಮೇಲೆ ಅವರು ಕೇಳಿದ ಪ್ರಶ್ನೆ, ಪಂಚಾಯತಿಯಲ್ಲಿ ನಾವು ಯಾಕಿಲ್ಲ?

ಇಲ್ಲಿ ಒಂದು ಕಷ್ಟದ ಮಾತು ಹೇಳಲೇಬೇಕು. ಕಾಡು ಉಳಿಸುವ ಉತ್ಸಾಹದಲ್ಲಿ ಇಡೀ ಇಳಿಜಾರಿಗೆ ಬೇಲಿ ಹಾಕಿದರೆ ನಡಿಗೆ ಉದ್ದವಾಗುವುದು ಮತ್ತೆ ಇದೇ ಹೆಂಗಸರಿಗೆ. ನಾವು ಉಳಿದುಕೊಳ್ಳುವ ಮನೆಯ ದೀದಿ ನಲವತ್ತರ ಆಚೀಚೆಯವರು. ಬಾಂಜ್ ಮರದಿಂದ ಬಿದ್ದು ಅವರ ಸೊಂಟ ಮೊದಲಿನಂತಿಲ್ಲ. ಮರದಿಂದ, ಕಡಿದಾದ ಹುಲ್ಲುಗುಡ್ಡದಿಂದ ಬೀಳುವುದು ಅಲ್ಲಿ ಪ್ರತಿ ಊರಿನ ಕಥೆ, ಚಿರತೆಯ ಭಯ ಬೇರೆ. ಬೇಲಿ ಹಾಕುವ ಮಾತು ಬಂದಾಗ ಅವರು ಕೇಳಿದ್ದು ಒಂದೇ: “ಹತ್ತು ವರ್ಷ ಕಾಡು ಮಲಗಲಿ, ಸರಿ. ಅಲ್ಲಿಯವರೆಗೆ ನನ್ನ ಎಮ್ಮೆ ಏನು ತಿನ್ನಬೇಕು?”

ನಮ್ಮ ನಾಲ್ವರ ಹತ್ತಿರ ಉತ್ತರ ಇರಲಿಲ್ಲ, ಊರವರ ಹತ್ತಿರ ಇತ್ತು. ಒಮ್ಮೆಗೆ ಒಂದು ತುಂಡು ಮಾತ್ರ ಮುಚ್ಚುವುದು, ಉಳಿದದ್ದು ತೆರೆದಿರುವುದು. ಗದ್ದೆಯ ಬದುವಿನಲ್ಲಿ ಭೀಮಲ್ ಮರ, ನೇಪಿಯರ್ ಹುಲ್ಲು ಹಾಕಿ ಮೇವು ಮನೆ ಹತ್ತಿರ ತರುವುದು. ತುದಿಯ ಚಿಗುರು ಬಿಟ್ಟು ಪಕ್ಕದ ರೆಂಬೆ ಮಾತ್ರ ಸವರುವುದು. ಚೀಡ್ ಸೂಜಿಯನ್ನು ಬೇಸಿಗೆಗೆ ಮೊದಲೇ ಗುಡಿಸಿ ಬೆಂಕಿದಾರಿ ಮಾಡುವುದು. ನಾವು ಹಣ ಹಾಕುವುದು ಮುಖ್ಯವಾಗಿ ಹುಲ್ಲಿನ ಬೇರಿಗೆ, ಮತ್ತು ಬೆಂಕಿಯ ತಿಂಗಳುಗಳಲ್ಲಿ ಕಾಯುವವರ ದಿನಗೂಲಿಗೆ. ಕಾವಲು ಪುಕ್ಕಟೆ ಇರಬೇಕು, ಅದು ಹೆಂಗಸರ ಸಹಜ ಪ್ರೀತಿ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಫೋಟೊದಲ್ಲಿ ಇವು ಯಾವುವೂ ಚೆನ್ನಾಗಿ ಬರುವುದಿಲ್ಲ, ಆದ್ದರಿಂದ ದಾನಿಗಳೂ ಕಡಿಮೆ.

ನೀವು ದೆಹಲಿಯಲ್ಲಿ ಕೂತು ಏನು ಮಾಡಬಹುದು ಅಂತ ಕಾರ್ಯದರ್ಶಿಯವರು ಮೊದಲೇ ಕೇಳಿದ್ದರು. ನಿಮ್ಮ ಅಥವಾ ಮಕ್ಕಳ ಕಂಪನಿ ಬೆಟ್ಟದಲ್ಲಿ ಗಿಡ ನೆಡುತ್ತಿದ್ದರೆ ಮೂರು ಪ್ರಶ್ನೆ ಕೇಳಿ: ಯಾವ ಜಾತಿ, ಯಾವ ವನ ಪಂಚಾಯತ್ ಒಪ್ಪಿದೆ, ಮೂರನೆಯ ಬೇಸಿಗೆಗೆ ಯಾರು ಕಾಯುತ್ತಾರೆ? ಬೆಟ್ಟದಲ್ಲಿ ಜಾಗ ಕೊಂಡು ಮನೆ ಕಟ್ಟುವವರು ನಮ್ಮಲ್ಲೂ ಇದ್ದಾರೆ. ಹಿಮಾಲಯ ಕಾಣಲೆಂದು ಎದುರಿನ ಬಾಂಜ್ ಕಡಿಸಬೇಡಿ, ಮನೆಯನ್ನೇ ಸ್ವಲ್ಪ ತಿರುಗಿಸಿ ಕಟ್ಟಿ.

ಈ ಚಳಿಗಾಲ ಜನವರಿ ಮೊದಲ ವಾರ ನಾವು ಕಾಯಿ ಆರಿಸಲು ಹೋಗುತ್ತಿದ್ದೇವೆ. ಗಾಡಿಯಲ್ಲಿ ಮೂರು ಜನರಿಗೆ ಜಾಗ ಇದೆ. ಏರು ಹತ್ತಬಲ್ಲವರು, ರಾತ್ರಿ ಚಳಿ ತಡೆಯಬಲ್ಲವರು ಊಟದ ಹೊತ್ತಿನಲ್ಲಿ ನನ್ನನ್ನು ಕಂಡು ಹೆಸರು ಹೇಳಿ. ದೀದಿಗೆ ಮಾವಿನ ಮಿಡಿ ಉಪ್ಪಿನಕಾಯಿ ಬಲು ಇಷ್ಟ, ಬರಲಾಗದವರು ಒಂದು ಭರಣಿ ಕಳಿಸಿದರೂ ತಲುಪಿಸುತ್ತೇನೆ.